ಚಾಸಿಗೆ ಬ್ರಷ್‌ನಲ್ಲೇ ನುಣುಪಾದ ಬಣ್ಣ

ಪ್ರಶ್ನೆ: ಹಳೆಯ ವ್ಯಾನಿನ ಚಾಸಿಯನ್ನು (ಭಾರ ಹೊರುವ ಕೆಳಗಿನ ಉಕ್ಕಿನ ಚೌಕಟ್ಟು) ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ (ತುಕ್ಕು ತಡೆಯುವ ತಳಬಣ್ಣ) ಮೇಲೆ ಕಪ್ಪು ಎನಾಮೆಲ್ ಅನ್ನು ಬ್ರಷ್‌ನಲ್ಲಿ ಬಳಿದೆ. ಒಣಗಿದ ಮೇಲೆ ಉದ್ದಕ್ಕೂ ಬ್ರಷ್ ಗೆರೆಗಳು, ಕೆಳ ಅಂಚಿನಲ್ಲಿ ಬಣ್ಣ ಇಳಿದು ಹನಿಗಟ್ಟಿದೆ. ಸ್ಪ್ರೇ ಗನ್ ಇಲ್ಲದೆ ನುಣುಪು ಬರುವುದಿಲ್ಲವೇ?

ಉತ್ತರ: ಖಂಡಿತ ಬರುತ್ತದೆ. ಎನಾಮೆಲ್ ಹಚ್ಚಿದ ಮೇಲೆ ಕೆಲವು ನಿಮಿಷ ತಾನಾಗಿ ಹರಡಿ ಸಮವಾಗುತ್ತದೆ. ಅಷ್ಟರೊಳಗೆ ಬಿಗಿದುಕೊಂಡರೆ ಗೆರೆ ಉಳಿಯುತ್ತದೆ. ಬಣ್ಣ ತೀರಾ ಗಟ್ಟಿಯಿದ್ದರೆ, ಬಿಸಿಲಿಗೆ ಲೋಹ ಕಾದಿದ್ದರೆ, ಅಂಟು ಬರತೊಡಗಿದ ಬಣ್ಣದ ಮೇಲೆ ಮತ್ತೆ ಬ್ರಷ್ ಆಡಿಸಿದರೆ ಹೀಗಾಗುತ್ತದೆ. ಹೆಚ್ಚಿನವರು ಎಡವುವುದು ಈ ಮೂರನೆಯದರಲ್ಲೇ. ಬಣ್ಣ ಇಳಿಯುವುದಕ್ಕೆ ಕಾರಣ ಬೇರೆ: ಒಂದೇ ಕೋಟ್‌ನಲ್ಲಿ ಪ್ರೈಮರ್ ಮುಚ್ಚಿಬಿಡುವ ಆತುರ.

ಈಗಿನ ಬಣ್ಣವನ್ನು ಪೂರ್ತಿ ಕೀಳಬೇಕಿಲ್ಲ. ಒಂದು ವಾರ ಗಟ್ಟಿಯಾಗಲು ಬಿಡಿ. ಮೊದಲೇ ಉಜ್ಜಿದರೆ ಅದು ಉಜ್ಜುವ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಹನಿಗಳನ್ನು ಬ್ಲೇಡಿನಿಂದ ಹೆರೆದು, 240 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಬಳಸುವ ಉಜ್ಜುಕಾಗದ) ಮರದ ತುಂಡಿಗೆ ಸುತ್ತಿ, ನೀರು ಹಾಕುತ್ತ ಗೆರೆ ಮಾಯವಾಗುವವರೆಗೆ ಉಜ್ಜಿ, 400ರಲ್ಲಿ ಮುಗಿಸಿ. ಬರೀ ಬೆರಳಲ್ಲಿ ಉಜ್ಜಿದರೆ ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಲೋಹ ಕಂಡ ಕಡೆ ಮತ್ತೆ ಪ್ರೈಮರ್ ಹಚ್ಚಿ. ತೊಳೆದು, ಪೂರ್ತಿ ಒಣಗಿಸಿ, ಟರ್ಪೆಂಟೈನ್ ಬಟ್ಟೆಯಿಂದ ಜಿಡ್ಡು ಒರೆಸಿ.

ಒಂದು ಲೀಟರ್ ಎನಾಮೆಲ್‌ಗೆ ತೆಳುವಾಗಿಸಲು 50ರಿಂದ 100 ಮಿ.ಲೀ. ಟರ್ಪೆಂಟೈನ್ ಸಾಕು. ಎನ್‌ಸಿ ಥಿನ್ನರ್ (ಲ್ಯಾಕರ್ ಬಣ್ಣಕ್ಕೆ ಬೆರೆಸುವ ಖಾರವಾದ ದ್ರಾವಕ) ಬೇಡ, ಕೆಳಗಿನ ಕೋಟ್ ಸುಕ್ಕಾಗಿ ಏಳಬಹುದು. ಡಬ್ಬಿಯನ್ನು ಕುಲುಕದೆ ಕಡ್ಡಿಯಿಂದ ತಿರುವಿ. ಕುಲುಕಿದರೆ ಗುಳ್ಳೆ ಸೇರುತ್ತದೆ. ನೈಲಾನ್ ಬಟ್ಟೆಯಲ್ಲಿ ಸೋಸಿ, ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ಹಾಕಿಕೊಳ್ಳಿ.

ಬ್ರಷ್‌ನ ವಿಷಯದಲ್ಲಿ ಜಿಪುಣತನ ಬೇಡ. ತುದಿ ಮೆತ್ತಗಿರುವ, ಕೂದಲು ಉದುರದ 2 ಇಂಚಿನದು ಚಪ್ಪಟೆ ಭಾಗಕ್ಕೆ, 1 ಇಂಚಿನದು ಮೂಲೆಗಳಿಗೆ. ಕೂದಲಿನ ಮೂರನೇ ಒಂದು ಭಾಗ ಮಾತ್ರ ಅದ್ದಿ. ಮೊದಲು ರಿವೆಟ್ ತಲೆ, ವೆಲ್ಡಿಂಗ್ ಸಾಲು, ಚಾನೆಲ್‌ನ (ತೋಡಿನಾಕಾರದ ಉಕ್ಕಿನ ತೊಲೆಯ) ಒಳಭಾಗ. ಆಮೇಲೆ ಚಪ್ಪಟೆ ಮುಖ. ಒಂದು ಸಲಕ್ಕೆ ಒಂದಡಿ ಉದ್ದ ಹಿಡಿದು, ಅಡ್ಡಡ್ಡ ಹರಡಿ, ಕೊನೆಗೆ ಬ್ರಷ್‌ನ ತುದಿಯಷ್ಟೇ ತಾಗುವಂತೆ ಉದ್ದಕ್ಕೆ ಎಳೆಯಿರಿ, ಆಗಷ್ಟೇ ಹಚ್ಚಿದ ಹಸಿ ಅಂಚಿನ ಕಡೆಗೆ. ಕೆಳ ಅಂಚಿನಲ್ಲಿ ಹನಿ ಕಂಡರೆ ಎರಡು ಮೂರು ನಿಮಿಷದೊಳಗೆ ಖಾಲಿ ಬ್ರಷ್‌ನಿಂದ ಎತ್ತಿಕೊಳ್ಳಿ. ಆಮೇಲೆ ಏನು ಕಂಡರೂ ಮುಟ್ಟಬೇಡಿ, ಒಣಗಿದ ಮೇಲೆ ಉಜ್ಜಿದರಾಯಿತು.

ಮೊದಲ ಕೋಟ್‌ನಲ್ಲಿ ಪ್ರೈಮರ್ ಇಣುಕಿದರೆ ಗಾಬರಿ ಬೇಡ, ಹಾಗೆಯೇ ಇರಬೇಕು. ತೆಳುವಾದ ಮೂರು ಕೋಟ್, ನಡುವೆ 24 ಗಂಟೆ, ಪ್ರತಿ ಸಲ 400ರಲ್ಲಿ ಹಗುರವಾಗಿ ಉಜ್ಜಿ ದೂಳು ಒರೆಸುವುದು. ಡಬ್ಬಿಯ ಮೇಲೆ ಬೇರೆ ಅವಧಿ ಇದ್ದರೆ ಅದನ್ನೇ ಪಾಲಿಸಿ. ನೆರಳಿನಲ್ಲಿ ಕೆಲಸ ಮಾಡಿ. ಲೋಹದ ಮೇಲೆ ಇಬ್ಬನಿಯ ತೇವ ಇದ್ದರೆ ಬಣ್ಣ ಹಿಡಿಯದು, ಹೊಳಪೂ ಸಾಯುತ್ತದೆ. ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯದೆ ಹರವಿ ಒಣಗಿಸಿ, ಮುದ್ದೆಯೊಳಗೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತುವ ಸಂಭವವಿದೆ.

ಪ್ರಶ್ನೆ: ಮೂರು ಕೋಟ್ ಆದರೂ ತುಕ್ಕು ತಿಂದ ಗುಳಿಗಳು ಕಾಣುತ್ತವೆ. ಪುಟ್ಟಿ ತುಂಬಬಹುದೇ?

ಉತ್ತರ: ಬಣ್ಣ ಗುಳಿ ತುಂಬದು, ಹೊಳಪು ಹೆಚ್ಚಿದಷ್ಟೂ ಎತ್ತಿ ತೋರಿಸುತ್ತದೆ. ಆದರೆ ಪುಟ್ಟಿಗೆ ಮೊದಲು ಸುತ್ತಿಗೆಯಿಂದ ತಟ್ಟಿ ನೋಡಿ. ಲೋಹ ತಗ್ಗಿದರೆ ಅಥವಾ ಪದರ ಉದುರಿದರೆ ಅದು ವೆಲ್ಡಿಂಗ್ ಕೆಲಸ. ಭಾರ ಹೊರುವ ಚಾಸಿಯಲ್ಲಿ ದುರ್ಬಲ ಜಾಗವನ್ನು ಪುಟ್ಟಿಯಿಂದ ಮರೆಮಾಡುವುದು ಅಪಾಯ. ಲೋಹ ಗಟ್ಟಿಯಿದ್ದು ಗುಳಿ ಮೇಲುಮೇಲಿನದಾಗಿದ್ದರೆ, ತುಕ್ಕು ಪೂರ್ತಿ ತೆಗೆದು, ಎಪಾಕ್ಸಿ ಪ್ರೈಮರ್ ಮೇಲೆ ತೆಳುವಾಗಿ ಪುಟ್ಟಿ ಎಳೆದು ಉಜ್ಜಬಹುದು.

ಪ್ರಶ್ನೆ: ಎಲ್ಲೆಲ್ಲಿ ಬಣ್ಣ ಹಚ್ಚಬಾರದು?

ಉತ್ತರ: ಅರ್ತ್ ವೈರ್ ಕೂರುವ ಜಾಗ, ಬೋಲ್ಟ್‌ನ ತಿರುಪಿನ ಸುತ್ತುಗಳು, ಬೋಲ್ಟ್ ಹಾಕಿ ಬಿಗಿಯುವ ಮುಖಗಳು. ಬಿಗಿದ ಮುಖಗಳ ನಡುವೆ ದಪ್ಪ ಬಣ್ಣ ಇದ್ದರೆ ಅದು ಕ್ರಮೇಣ ಅಮುಕಿ ಬೋಲ್ಟ್ ಸಡಿಲವಾಗುತ್ತದೆ. ಚಾಸಿ ನಂಬರ್ ಕೊರೆದಿರುವಲ್ಲಿ ಅಕ್ಷರ ತುಂಬಿಹೋಗದಂತೆ ಒಂದೇ ತೆಳು ಕೋಟ್.