ಎರಡೂವರೆಯೋ ಮೂರೂವರೆಯೋ

ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ನೆದರ್ಲೆಂಡ್ಸ್‌ಗೆ ಬರುತ್ತಿದ್ದೀರಿ, ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುವಾಗ ಡಚ್ ಬೇಕೇ ಎಂದು ಕೇಳಿದ್ದೀರಿ. ನಾವು ಬಂದ ಹೊಸದರಲ್ಲೂ ಇದೇ ಪ್ರಶ್ನೆ ಇತ್ತು. ಆಫೀಸಿಗೆ ಬೇಡ, ಮನೆಗೆ ಬೇಕೇ ಬೇಕು.

ಅಂಗಡಿಯ ಮಾತು ಬೇಗ ಬರುತ್ತದೆ. ಮೊಸರಿಗೆ ವೊಲ್ಲೆ ಯೋಖರ್ಟ್. ಕಾರ್ನೆಮೆಲ್ಕ್ ಹಾಲಿನ ಪಕ್ಕದಲ್ಲೇ ಅಂಥದ್ದೇ ಪ್ಯಾಕೆಟ್ಟಿನಲ್ಲಿರುತ್ತದೆ, ಆದರೆ ಅದು ಮಜ್ಜಿಗೆ. ಕಾಫಿಗೆ ಹಾಕಿದರೆ ಒಡೆಯುತ್ತದೆ. ಬ್ಲೂಮ್ ಎಂದರೆ ಮೈದಾ. ಖ್ರೀಸ್‌ಮೇಲ್ ರವೆಯೇ, ಆದರೆ ತೀರಾ ಸಣ್ಣದು, ಉಪ್ಪಿಟ್ಟು ಮುದ್ದೆಯಾಗುತ್ತದೆ. ಉಪ್ಪಿಟ್ಟಿನ ರವೆಗೆ ಭಾರತದ ಅಂಗಡಿಯೇ ಗತಿ.

ಹೊತ್ತು ಹೇಳುವುದನ್ನು ಮಾತ್ರ ಬಾಯಿಪಾಠ ಮಾಡಿಕೊಂಡೇ ಬನ್ನಿ. ಹಾಲ್ಫ್ ದ್ರೀ ಎಂದರೆ ಎರಡೂವರೆ, ಮೂರೂವರೆ ಅಲ್ಲ. ಮೂರರ ಕಡೆಗೆ ಅರ್ಧ ದಾರಿ ಎಂಬ ಲೆಕ್ಕ. ವೈಫ್ ಫೋರ್ ಹಾಲ್ಫ್ ದ್ರೀ ಎಂದರೆ ಎರಡೂವರೆಗೆ ಐದು ನಿಮಿಷ ಮೊದಲು, ಅಂದರೆ 2:25. ಸಂಖ್ಯೆಯಲ್ಲೂ ಬಿಡಿ ಮೊದಲು, ಹತ್ತು ಆಮೇಲೆ: 25ಕ್ಕೆ ಐದು-ಮತ್ತು-ಇಪ್ಪತ್ತು ಎನ್ನುತ್ತಾರೆ. ಫೋನಿನಲ್ಲಿ ಕೇಳಿದ ಹಾಗೆ ಬರೆದುಕೊಂಡರೆ 25 ಹೋಗಿ 52 ಆಗುತ್ತದೆ. ಡಾಕ್ಟರ ಸಮಯವನ್ನು ಅಂಕಿಯಲ್ಲಿ ತಿರುಗಿ ಹೇಳಿ, "ಕ್ಲೋಪ್ಟ್ ದಾಟ್?" ಸರಿಯೇ ಎಂದು ಕೇಳಿಕೊಳ್ಳಿ.

ಶಾಲೆಯ ಸಂದೇಶಗಳೆಲ್ಲ ಡಚ್‌ನಲ್ಲೇ. ಸ್ಟೂಡಿದಾಖ್ ಎಂದು ಕಂಡರೆ ಆ ದಿನ ಮಕ್ಕಳಿಗೆ ರಜೆ. ಲೌಝನ್ ಎಂದರೆ ತರಗತಿಯಲ್ಲಿ ಹೇನು, ಅದೇ ಸಂಜೆ ತಲೆ ಬಾಚಿ ನೋಡಿ. ಅನುವಾದದ ಆ್ಯಪ್ ಓದಿಕೊಡುತ್ತದೆ ನಿಜ, ಆದರೆ ಶಾಲೆಯ ಬಾಗಿಲಲ್ಲಿ ಬೇರೆ ತಾಯಂದಿರ ಜೊತೆ ನಿಂತಾಗ ಅದು ನೆರವಿಗೆ ಬರುವುದಿಲ್ಲ.

ನನಗೆ ಇಂದಿಗೂ ನೋವು ಕೊಡುವುದು ಇದೇ. ಗಂಡ ಇಂಗ್ಲಿಷಿನಲ್ಲಿ ದಿನ ಕಳೆಯುತ್ತಾನೆ, ಮಗು ಆಡುತ್ತಾಡುತ್ತಾ ಡಚ್ ಕಲಿಯುತ್ತದೆ, ಹೆಂಡತಿ ಹೊರಗೇ ಉಳಿದುಬಿಡುತ್ತಾಳೆ. ತನ್ನ ಬಗ್ಗೆ ಟೀಚರ್ ಬರೆದದ್ದನ್ನು ಮಗುವೇ ಓದಿ ಅಮ್ಮನಿಗೆ ಹೇಳುವ ಪರಿಸ್ಥಿತಿ ನಮ್ಮವರ ಮನೆಗಳಲ್ಲಿ ಬರಬಾರದು. ಹಾಗಾಗಿ ಡಚ್ ತರಗತಿಗೆ ನಿಮಗಿಂತ ಮೊದಲು ನಿಮ್ಮ ಹೆಂಡತಿ ಹೋಗಲಿ. ಆ ಸಂಜೆಗಳಲ್ಲಿ ಮಗಳನ್ನು ನೀವು ನೋಡಿಕೊಳ್ಳಿ. ಊರಿನ ಗ್ರಂಥಾಲಯದಲ್ಲಿ ತಾಲ್‌ಕಫೇ, ಅಂದರೆ ಡಚ್ ಮಾತಾಡಿ ಕಲಿಯುವವರ ಕೂಟ, ಇದೆಯೇ ವಿಚಾರಿಸಿ, ಅಲ್ಲಿ ಕೂತು ಮಾತಾಡಿಯೇ ಕಲಿಯಬಹುದು. ಸ್ವಲ್ಪ ತಡವರಿಸಿದರೂ ಜನ ಇಂಗ್ಲಿಷಿಗೆ ತಿರುಗುತ್ತಾರೆ. ಆಗ "ಮಾಖ್ ಇಕ್ ಊಫನೆನ್?" ಅಭ್ಯಾಸ ಮಾಡಲೇ ಎಂದರೆ ಸಾಕು, ಬಹುತೇಕರು ಖುಷಿಯಿಂದ ನಿಧಾನಿಸುತ್ತಾರೆ.

ಮಗಳ ಜೊತೆ ಮಾತ್ರ ಮನೆಯಲ್ಲಿ ಕನ್ನಡವೇ ಇರಲಿ. ಅವಳ ಡಚ್ಚನ್ನು ಶಾಲೆ ನೋಡಿಕೊಳ್ಳುತ್ತದೆ. ಕನ್ನಡ ಕಲಿಸಲು ಅಲ್ಲಿ ನೀವಿಬ್ಬರೇ.