ಲವಣಾಂಶ ಇಳಿಸಿದಾಗ ಫೊರಾಮಿನಿಫೆರಾ ಚಿಪ್ಪು ಮಂಕಾಗುವುದೇಕೆ?

ನೀವು ಕೇಳಿರುವುದು ಇಷ್ಟು: ಅಮೋನಿಯಾ ಕುಲದ ಫೊರಾಮಿನಿಫೆರಾಗಳನ್ನು (ಸುಣ್ಣದ ಚಿಪ್ಪು ಕಟ್ಟುವ ಏಕಕೋಶ ಜೀವಿಗಳು) ಬೇರೆ ಬೇರೆ ಉಷ್ಣತೆ ಮತ್ತು ಲವಣಾಂಶದಲ್ಲಿ ಸಾಕುತ್ತಿದ್ದೀರಿ. ಲವಣಾಂಶ 35 (ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪು) ಇರುವ ಸಮುದ್ರದ ನೀರಿಗೆ ಬಟ್ಟಿ ಇಳಿಸಿದ ನೀರು ಬೆರೆಸಿ 15ಕ್ಕೆ ತಂದ ತಟ್ಟೆಗಳಲ್ಲಿ ಚಿಪ್ಪುಗಳು ಹೊಳಪು ಕಳೆದುಕೊಂಡು ಸೀಮೆಸುಣ್ಣದಂತಾಗುತ್ತಿವೆ. ಇದು ಉಪ್ಪು ಕಡಿಮೆಯಾದ ಪರಿಣಾಮವೇ?

ಉಪ್ಪಿಗಿಂತ ನೀರಿನ ಕ್ಷಾರತೆಯ (ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ, ಮುಖ್ಯವಾಗಿ ಬೈಕಾರ್ಬೊನೇಟ್‌ನಿಂದ ಬರುವುದು) ಮೇಲೆ ನನಗೆ ಅನುಮಾನ ಹೆಚ್ಚು. ಅಮೋನಿಯಾ ಅಳಿವೆಯ ಕೆಸರಿನಲ್ಲಿ ಬಾಳುವ ಜೀವಿ, 15ರ ಲವಣಾಂಶ ಅದಕ್ಕೆ ಹೊಸದಲ್ಲ. ಆದರೆ ಬಟ್ಟಿ ನೀರು ಬೆರೆಸಿದಾಗ ಉಪ್ಪಿನ ಜೊತೆಗೆ ಉಳಿದದ್ದೆಲ್ಲವೂ ತೆಳುವಾಗುತ್ತದೆ. 35ರ ನೀರಿನಲ್ಲಿ ಕ್ಷಾರತೆ ಕಿಲೋಗೆ ಸುಮಾರು 2.3 ಮಿಲಿಮೋಲ್, ಕ್ಯಾಲ್ಸಿಯಂ ಸುಮಾರು 10.3 ಮಿಲಿಮೋಲ್ ಇರುತ್ತದೆ. 15ಕ್ಕೆ ಇಳಿಸಿದಾಗ ಇವು 1.0 ಮತ್ತು 4.4ಕ್ಕೆ ಬೀಳುತ್ತವೆ. ಅಲ್ಲಿಗೆ ಚಿಪ್ಪಿನ ಖನಿಜವಾದ ಕ್ಯಾಲ್ಸೈಟ್‌ನ ಪರ್ಯಾಪ್ತ ಮಟ್ಟ ಹಲವು ಪಟ್ಟು ಕುಸಿದಿರುತ್ತದೆ, ಅಂದರೆ ಚಿಪ್ಪು ಕರಗುವುದು ಸುಲಭವಾಗುತ್ತದೆ. ಮೇಲೆ ತಟ್ಟೆಯ ಬ್ಯಾಕ್ಟೀರಿಯಾಗಳು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಪಿಎಚ್ ಅನ್ನು ಇನ್ನಷ್ಟು ತಗ್ಗಿಸುತ್ತದೆ, ಚಿಪ್ಪು ಹೊರಗಿನಿಂದ ಕರಗತೊಡಗುತ್ತದೆ. ನಿಜವಾದ ಅಳಿವೆಗೆ ಬರುವ ನದಿ ನೀರು ಸಾಮಾನ್ಯವಾಗಿ ತನ್ನ ಪಾಲಿನ ಬೈಕಾರ್ಬೊನೇಟ್ ಹೊತ್ತೇ ಬರುತ್ತದೆ. ಬಟ್ಟಿ ನೀರಿನಲ್ಲಿ ಅದಿಲ್ಲ.

ಒಂದು ಲೀಟರಿಗೆ ಲೆಕ್ಕ ಹೀಗೆ: 429 ಮಿಲಿಲೀಟರ್ ಸಮುದ್ರದ ನೀರು, 571 ಮಿಲಿಲೀಟರ್ ಬಟ್ಟಿ ನೀರು. ಇದಕ್ಕೆ 0.11 ಗ್ರಾಂ ಸೋಡಿಯಂ ಬೈಕಾರ್ಬೊನೇಟ್ ಹಾಕಿದರೆ ಕ್ಷಾರತೆ ಮತ್ತೆ 2.3ರ ಆಸುಪಾಸಿಗೆ ಬರುತ್ತದೆ. ಕ್ಯಾಲ್ಸಿಯಂ ಕೂಡ ಸರಿದೂಗಿಸುವುದಾದರೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.87 ಗ್ರಾಂ ಬೇಕು. ಎರಡನ್ನೂ ಸ್ವಲ್ಪವೇ ನೀರಿನಲ್ಲಿ ಒಟ್ಟಿಗೆ ಕರಗಿಸಬೇಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಪ್ರಕ್ಷೇಪವಾಗಿ ನೀರು ಕಲಕಿಹೋಗುತ್ತದೆ. ಬೇರೆ ಬೇರೆ ಕರಗಿಸಿ, ಒಂದಾದ ಮೇಲೊಂದನ್ನು ಕದಡುತ್ತಾ ಸೇರಿಸಿ. ಕ್ಯಾಲ್ಸಿಯಂ ಉಪ್ಪಿನಿಂದಲೇ ಲವಣಾಂಶ ಅರ್ಧ ಮಾನಕ್ಕಿಂತ ತುಸು ಹೆಚ್ಚು ಏರುತ್ತದೆ, ಹಾಗಾಗಿ ಮತ್ತೊಮ್ಮೆ ಅಳೆಯಿರಿ. ಒಂದು ರಾತ್ರಿ ಗಾಳಿ ಹಾಯಿಸಿ, ಆಮೇಲೆ ಪಿಎಚ್ ನೋಡಿ.

ನಾನಾದರೆ 15ರಲ್ಲೇ ಎರಡು ಗುಂಪು ಇಡುತ್ತೇನೆ: ಒಂದು ಬರೀ ತೆಳುಮಾಡಿದ ನೀರು, ಇನ್ನೊಂದು ಸರಿದೂಗಿಸಿದ ನೀರು. ಮೊದಲನೆಯದು ಮಾತ್ರ ಮಂಕಾದರೆ ಕಾರಣ ಉಪ್ಪಲ್ಲ ಎಂಬುದು ಖಚಿತ. 35ಕ್ಕಿಂತ ಮೇಲಿನ ಗುಂಪುಗಳಿಗೆ ನೀರನ್ನು ಕುದಿಸಬೇಡಿ, ಕಾರ್ಬೊನೇಟ್ ತಳ ಸೇರುತ್ತದೆ. ಸಣ್ಣ ಬಿಸಿಯಲ್ಲಿ ನಿಧಾನವಾಗಿ ಆವಿಯಾಗಲು ಬಿಡಿ.

ಬದಲಾವಣೆಯನ್ನು ಒಂದೇ ಏಟಿಗೆ ಮಾಡಬೇಡಿ. ಎರಡು ಮೂರು ದಿನಕ್ಕೊಮ್ಮೆ 2 ಮಾನ ಇಳಿಸಿ, ಉಷ್ಣತೆಯನ್ನು ದಿನಕ್ಕೆ 1 ಡಿಗ್ರಿಯಷ್ಟೇ ಬದಲಿಸಿ. ಸಣ್ಣ ತಟ್ಟೆಗಳಲ್ಲಿ ನೀರು ಆವಿಯಾಗಿ ಲವಣಾಂಶ ತಾನಾಗಿ ಏರುತ್ತಿರುತ್ತದೆ, ಬಿಸಿ ತಟ್ಟೆಗಳಲ್ಲಂತೂ ಬೇಗ. ಮುಚ್ಚಳ ಹಾಕಿ, ನೀರಿನ ಮಟ್ಟಕ್ಕೆ ಗುರುತು ಮಾಡಿ, ಕಡಿಮೆಯಾದಷ್ಟನ್ನು ಬಟ್ಟಿ ನೀರಿನಿಂದ ತುಂಬಿಸಿ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್ ಸಮುದ್ರದ ನೀರಿಗೆಂದೇ ಗುರುತು ಮಾಡಿದ್ದಾಗಿರಲಿ. ಬರೀ ಅಡುಗೆ ಉಪ್ಪಿನ ದ್ರಾವಣಕ್ಕಾಗಿ ಇರುವುದು ತಪ್ಪು ಓದುತ್ತದೆ.

ಇನ್ನು ಉಷ್ಣತೆ. ಸಹಿಸುವ ವ್ಯಾಪ್ತಿಯೊಳಗೆ ಬಿಸಿ ಹೆಚ್ಚಿದಷ್ಟೂ ಚಿಪ್ಪಿಗೆ ಹೊಸ ಕೋಣೆಗಳು ಬೇಗ ಬೇಗ ಸೇರುತ್ತವೆ, ಸಂತಾನೋತ್ಪತ್ತಿಯೂ ಬೇಗ ಆಗಿಬಿಡುತ್ತದೆ. ಹಾಗಾಗಿ ಬಲಿತ ಚಿಪ್ಪು ಚಿಕ್ಕದಾಗಿಯೇ ಉಳಿಯಬಹುದು. ತಂಪಿನಲ್ಲಿ ಬೆಳವಣಿಗೆ ನಿಧಾನ, ಸಂತಾನ ತಡ, ಚಿಪ್ಪು ಅನೇಕ ವೇಳೆ ದೊಡ್ಡದಾಗಿರುತ್ತದೆ. ಕೊನೆಯ ಗಾತ್ರವೊಂದನ್ನೇ ನೋಡಿ ‘ತಂಪು ಒಗ್ಗಿತು’ ಎಂದು ತೀರ್ಮಾನಿಸುವವರು ಎಡವುವುದು ಇಲ್ಲೇ. ವಾರಕ್ಕೊಮ್ಮೆ ವ್ಯಾಸ ಮತ್ತು ಕೋಣೆಗಳ ಸಂಖ್ಯೆ ಎರಡನ್ನೂ ಬರೆದಿಡಿ, ಮರಿಗಳು ಕಂಡ ದಿನವನ್ನೂ ಸೇರಿಸಿ. ವ್ಯಾಪ್ತಿಯ ಅಂಚಿನಲ್ಲಿ ಜೀವಿ ಬದುಕಿರುತ್ತದೆ, ಆದರೆ ಬೆಳೆಯುವುದೂ ಇಲ್ಲ, ಮರಿ ಹಾಕುವುದೂ ಇಲ್ಲ. ಉಷ್ಣತೆ ಅಂಚಿಗೆ ಬಂದಾಗ ಲವಣಾಂಶದ ಏರಿಳಿತ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಬಿಸಿ ತಟ್ಟೆಗಳಲ್ಲಿ ಉಳಿದ ಆಹಾರ ಬೇಗ ಕೊಳೆತು ಆಮ್ಲಜನಕ ಇಳಿಯುತ್ತದೆ, ಆಹಾರವಾದ ಡಯಾಟಮ್‌ಗಳನ್ನು (ಸೂಕ್ಷ್ಮ ಪಾಚಿ) ಸ್ವಲ್ಪ ಸ್ವಲ್ಪವೇ ಕೊಟ್ಟು ಉಳಿದದ್ದನ್ನು ತೆಗೆಯಿರಿ.

ಬದುಕಿದೆಯೇ ಎಂಬುದನ್ನು ಬಣ್ಣದಿಂದ ಹೇಳಲಾಗದು. ಸತ್ತ ಮೇಲೂ ಒಳಗಿನ ಕಂದು ಬಣ್ಣ ಕೆಲಕಾಲ ಉಳಿಯುತ್ತದೆ. ಶುದ್ಧ ತಟ್ಟೆಗೆ ಹಾಕಿ ಕೆಲವು ಗಂಟೆ ಬಿಟ್ಟು, ಮಿಥ್ಯಾಪಾದಗಳ (ಜೀವಿ ಚಿಪ್ಪಿನಿಂದ ಹೊರಚಾಚುವ ಎಳೆಗಳು) ತೆಳು ಬಲೆ ಹರಡಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ. ಪ್ರಯೋಗಕ್ಕೆ ಮುಂಚೆ ಲೀಟರಿಗೆ 10 ಮಿಲಿಗ್ರಾಂ ಕ್ಯಾಲ್ಸೀನ್ (ಪ್ರತಿದೀಪ್ತ ಬಣ್ಣ) ಇರುವ ನೀರಿನಲ್ಲಿ ಒಂದೆರಡು ವಾರ ಇಟ್ಟರೆ ಆಗ ಕಟ್ಟಿದ ಕೋಣೆಗಳು ನೀಲಿ ಬೆಳಕಿನಡಿ ಹಸಿರಾಗಿ ಹೊಳೆಯುತ್ತವೆ. ಅದರ ನಂತರದ ಹೊಳೆಯದ ಕೋಣೆಗಳು ನಿಮ್ಮ ಪ್ರಯೋಗದಲ್ಲಿ ಕಟ್ಟಿದವು.

ನಿಮ್ಮ ಅಂಕಿಗಳನ್ನು ತೇಲುವ ಜಾತಿಗಳಿಗೆ ಅನ್ವಯಿಸಬೇಡಿ. ಗ್ಲೋಬಿಜೆರಿನಾಯ್ಡಿಸ್ ರೂಬರ್ ಪ್ರಯೋಗಾಲಯದಲ್ಲಿ ಸುಮಾರು 22ರಿಂದ 49ರವರೆಗಿನ ಲವಣಾಂಶ ತಾಳಿದೆ, 15 ಅದಕ್ಕೆ ಆಗದು.

ಮುಂದೆ ಚಿಪ್ಪಿನ ರಸಾಯನಶಾಸ್ತ್ರಕ್ಕೆ ಕೈಹಾಕುವುದಾದರೆ ಇದೇ ಎಚ್ಚರ ಬೇಕು. ಚಿಪ್ಪಿನ ಮೆಗ್ನೀಸಿಯಂ–ಕ್ಯಾಲ್ಸಿಯಂ ಅನುಪಾತದಿಂದ ಅದು ಬೆಳೆದ ನೀರಿನ ಉಷ್ಣತೆ ಅಂದಾಜಿಸುತ್ತಾರೆ. ತೇಲುವ ಜಾತಿಗಳಲ್ಲಿ ಈ ಅನುಪಾತ ಪ್ರತಿ ಡಿಗ್ರಿಗೆ ಸುಮಾರು 9 ಶೇಕಡಾ ಏರುತ್ತದೆ, ಲವಣಾಂಶದ ಪ್ರತಿ ಮಾನಕ್ಕೂ ಕೆಲವು ಶೇಕಡಾ ಏರುತ್ತದೆ. ಕರಗಿದ ಚಿಪ್ಪಿನಲ್ಲಿ ಮೆಗ್ನೀಸಿಯಂ ಮೊದಲು ಹೋಗುವುದರಿಂದ ಉಷ್ಣತೆ ಇದ್ದದ್ದಕ್ಕಿಂತ ತಂಪಾಗಿ ಕಾಣುತ್ತದೆ. ಮಂಕಾದ ಚಿಪ್ಪುಗಳನ್ನು ಆ ವಿಶ್ಲೇಷಣೆಗೆ ಸೇರಿಸಬೇಡಿ.