ಗಾಂಜಾ ಸೇದಿದರೆ ಹೊಟ್ಟೆನೋವಿಲ್ಲ, ಮಾತ್ರೆ ಬಿಡಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ತುಮಕೂರಿನಲ್ಲಿ ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಮೂರು ವರ್ಷದಿಂದ ಕ್ರೋನ್ಸ್ ಕಾಯಿಲೆ (ಕರುಳಿನಲ್ಲಿ ಉರಿಯೂತ, ಹುಣ್ಣು), ಅದನ್ನು ಹತೋಟಿಯಲ್ಲಿಡಲು ಅಜಾಥಯೋಪ್ರಿನ್ ಮಾತ್ರೆ ನಡೀತಿದೆ. ಈಚೆಗೆ ಗೆಳೆಯರ ಜೊತೆ ಗಾಂಜಾ ಸೇದುತ್ತಿದ್ದಾನೆ. ನೋವಿಲ್ಲ, ಊಟ ಸೇರುತ್ತಿದೆ, ಇನ್ನು ಮಾತ್ರೆ ಬೇಡ ಅಂತಾನೆ. ಇದು ನಿಜವಾ ಡಾಕ್ಟ್ರೇ?
– ಓದುಗರು, ಗುಬ್ಬಿ

ಉತ್ತರ: ನಿಮ್ಮ ತಮ್ಮ ಸುಳ್ಳು ಹೇಳುತ್ತಿಲ್ಲ ಅಕ್ಕಾ. ಮೊದಲು ಅದನ್ನು ಒಪ್ಪಿಕೊಳ್ಳಿ, ಇಲ್ಲದಿದ್ದರೆ ಅವನು ಮುಂದಿನ ಮಾತು ಕೇಳುವುದೇ ಇಲ್ಲ. ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿ ಕರುಳಿನ ನರಗಳ ಮೇಲೂ ಕೆಲಸ ಮಾಡುತ್ತದೆ. ಕರುಳಿನ ಓಟ ನಿಧಾನವಾಗುತ್ತದೆ, ನೋವು ಮಂಕಾಗುತ್ತದೆ, ಹಸಿವು ಏಳುತ್ತದೆ.

ಒಳಗಿನ ಹುಣ್ಣಿನ ಕತೆ ಬೇರೆ. ಇಸ್ರೇಲಿನ ವೈದ್ಯರು 21 ಕ್ರೋನ್ಸ್ ರೋಗಿಗಳ ಮೇಲೆ 8 ವಾರ ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. ಗಾಂಜಾ ಸೇದಿದ 11 ಜನರಲ್ಲಿ 10 ಮಂದಿಗೆ ಹಾಯೆನಿಸಿತು. ಟಿಎಚ್‌ಸಿ ತೆಗೆದ ಗಾಂಜಾ ಸೇದಿದ 10 ಜನರಲ್ಲಿ 4 ಮಂದಿಗೆ ಮಾತ್ರ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಇಳಿಯಲೇ ಇಲ್ಲ. ಆಮೇಲೆ ಸಿಬಿಡಿ (ಗಾಂಜಾದಲ್ಲೇ ಇರುವ, ಅಮಲು ತರದ ಅಂಶ) ಹೆಚ್ಚಿರುವ ಎಣ್ಣೆ ಕೊಟ್ಟು ನೋಡಿದಾಗಲೂ ಅಷ್ಟೇ: ರೋಗಿಗೆ ಆರಾಮ, ಕೊಳವೆ ಹಾಕಿ ಕರುಳಿನೊಳಗೆ ನೋಡುವ ಕೊಲನೋಸ್ಕೋಪಿಯಲ್ಲಿ ಹುಣ್ಣು ಹಾಗೇ. ಬರೀ ಸಿಬಿಡಿಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಅಷ್ಟೂ ಆಗಲಿಲ್ಲ.

ನನಗೆ ಭಯ ಇರುವುದು ಇಲ್ಲೇ. ಬೂದಿ ಮುಚ್ಚಿದ ಕೆಂಡ ಅದು. ನೋವಿಲ್ಲ ಅಂತ ಮಾತ್ರೆ ಬಿಟ್ಟರೆ ಹುಣ್ಣು ಸದ್ದಿಲ್ಲದೆ ಬೆಳೆದು ಕರುಳು ಕಿರಿದಾಗಬಹುದು. ಕೆಲವರು ಆಪರೇಷನ್‌ಗೇ ಬಂದು ನಿಲ್ಲುತ್ತಾರೆ.

ಇನ್ನೊಂದು ಮಾತು. ಹುಡುಗರು ಗಾಂಜಾವನ್ನು ಸಿಗರೇಟಿನ ತಂಬಾಕಿಗೆ ಬೆರೆಸಿ ಸೇದುವುದೇ ಜಾಸ್ತಿ. ಕ್ರೋನ್ಸ್ ಇರುವವರಿಗೆ ತಂಬಾಕು ವಿಷ, ಕಾಯಿಲೆ ಕೆರಳುತ್ತದೆ. ವರ್ಷಗಟ್ಟಲೆ ಗಾಂಜಾ ಸೇದಿದವರಲ್ಲಿ ಕೆಲವರಿಗೆ ನಿಲ್ಲದ ವಾಂತಿ ಶುರುವಾಗುತ್ತದೆ. ಆಗ ಕರುಳು ಕಟ್ಟಿದೆಯೋ, ಗಾಂಜಾದ ಆಟವೋ ಅಂತ ನಾವೇ ಪರದಾಡುತ್ತೇವೆ. 1985ರ ಮಾದಕವಸ್ತು ಕಾಯ್ದೆ ಪ್ರಕಾರ ಗಾಂಜಾ ಇಟ್ಟುಕೊಳ್ಳುವುದೂ ಅಪರಾಧ. 'ಹೊಟ್ಟೆನೋವಿಗೆ ಸಾರ್' ಅಂದರೆ ಪೊಲೀಸರು ಬಿಡುವುದಿಲ್ಲ.

ಮಾತಿನಲ್ಲಿ ಗೆಲ್ಲಲು ಹೋಗಬೇಡಿ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ. ಕರುಳಿನ ಉರಿಯೂತ ಎಷ್ಟಿದೆ ಎಂದು ಅದು ತೋರಿಸುತ್ತದೆ. ಆ ಚೀಟಿಯನ್ನು ಅವನ ಕೈಗೇ ಕೊಡಿ. ಗಾಂಜಾ ವಿಷಯವನ್ನು ಅವನ ಡಾಕ್ಟರಿಗೆ ಮುಚ್ಚಿಡಬೇಡಿ. ಡಾಕ್ಟರೇ ಬಿಡು ಅನ್ನುವವರೆಗೆ ಮಾತ್ರೆ ಒಂದು ದಿನವೂ ತಪ್ಪುವುದು ಬೇಡ.